ಹಳೆಯ ಜರ್ಮನ್ ಸ್ಪರ್ಧಾ ರೈಫಲ್: ಗುರುತು ಹಿಡಿಯುವ ಮತ್ತು ಕಳೆದುಹೋದ ಸೈಟ್‌ಗಳನ್ನು ಮರಳಿ ಕೂರಿಸುವ ಕ್ರಮ

ಜರ್ಮನಿಯ ಹಳೆಯ ಸ್ಪರ್ಧಾ ರೈಫಲ್ ಒಂದು ಹರಾಜಿನಲ್ಲೋ ಹಿರಿಯರ ಪೆಟ್ಟಿಗೆಯಲ್ಲೋ ದೊರೆತಾಗ ನಳಿಗೆ, ಬ್ರೀಚ್ (ತೋಟಾ ತುಂಬಲು ತೆರೆದು ಮುಚ್ಚುವ ಹಿಂಬದಿಯ ಯಂತ್ರ) ಮತ್ತು ಕೆತ್ತನೆಯ ಮರ ಸುಸ್ಥಿತಿಯಲ್ಲಿದ್ದು, ಗುರಿ ಹಿಡಿಯಲು ನೋಡುವ ಹಿಂದಿನ ಸೈಟ್ ಮಾತ್ರ ಇಲ್ಲದಿರುವುದು ಅಪರೂಪವಲ್ಲ. ಈ ರೈಫಲ್‌ಗಳ ಹಿಂದಿನ ಸೈಟ್, ಅಂದರೆ ಕಣ್ಣಿನ ಹತ್ತಿರ ನಿಲ್ಲುವ ಸೂಕ್ಷ್ಮರಂಧ್ರದ ಡಯಾಪ್ಟರ್, ಕಳಚಿ ಬೇರೆಯಾಗಿ ಇಡುವಂಥ ಸಾಧನವಾಗಿತ್ತು. ರೈಫಲ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ, ವಿಶೇಷವಾಗಿ 1945ರಲ್ಲಿ ಅಮೆರಿಕದ ಸೈನಿಕರು ನೆನಪಿನ ವಸ್ತುವೆಂದು ಇವುಗಳನ್ನು ಊರಿಗೆ ಒಯ್ದಾಗ, ಈ ಸಣ್ಣ ಭಾಗಗಳು ಹಿಂದೆಯೇ ಉಳಿದುಹೋಗುವುದು ಸುಲಭವಾಗಿತ್ತು. ಯಾವ ಸೈಟ್ ಬೇಕೆಂಬುದನ್ನು ಅಂಗಡಿಯ ಪಟ್ಟಿ ನೋಡಿ ತೀರ್ಮಾನಿಸಲಾಗದು. ಸೈಟ್ ಇದ್ದ ಜಾಗದಲ್ಲಿ ಉಳಿದಿರುವ ರಂಧ್ರ, ಗಾಡಿ (ಉಕ್ಕಿನಲ್ಲಿ ಕೊರೆದ ತೋಡು) ಮತ್ತು ಬಣ್ಣದ ಗುರುತುಗಳನ್ನು ಓದಿಯೇ ತೀರ್ಮಾನಿಸಬೇಕು. ಆ ಓದಿಗೆ ಮೊದಲು ರೈಫಲ್ ಯಾವುದೆಂದು ತಿಳಿದಿರಬೇಕಾದ್ದರಿಂದ ಗುರುತಿಸುವಿಕೆಯಿಂದಲೇ ಆರಂಭಿಸುವುದು ಸರಿ.

ಹಂತ 1: ಖಾಲಿ ಇದೆಯೇ, ಕಾನೂನು ಏನು ಹೇಳುತ್ತದೆ

ಬ್ರೀಚ್ ತೆರೆದು ನೋಡಿದ ಮಾತ್ರಕ್ಕೆ ಎಲ್ಲ ಜರ್ಮನ್ ರೈಫಲ್‌ಗಳೂ ಖಾಲಿ ಎಂದು ಹೇಳಲಾಗದು. ತ್ಸಿಮ್ಮರ್‌ಸ್ಟುಟ್ಸೆನ್ ಎಂಬ ಒಳಾಂಗಣ ರೈಫಲ್ ಹೊರನೋಟಕ್ಕೆ ದೊಡ್ಡ ಸ್ಪರ್ಧಾ ರೈಫಲಿನಂತೆಯೇ ಇದ್ದರೂ ಅದರ ನಿಜವಾದ ನಳಿಗೆ ಸುಮಾರು 4 ಮಿ.ಮೀ. ವ್ಯಾಸದ ಗಿಡ್ಡ ಕೊಳವೆಯಾಗಿರುತ್ತದೆ. ಸಾಂಪ್ರದಾಯಿಕ ಮಾದರಿಗಳಲ್ಲಿ ಅದು ದಪ್ಪ ಹೊರನಳಿಗೆಯ ಮುಂಭಾಗದಲ್ಲಿ ಕುಳಿತಿದ್ದು, ತೋಟಾವನ್ನು ನಳಿಗೆಯ ನಡುವೆಯೋ ಮುಂದೆಯೋ ಇರುವ ಸೀಳಿನಿಂದ ತುಂಬಲಾಗುತ್ತದೆ. ಆದ್ದರಿಂದ ನಳಿಗೆಯ ಪೂರ್ತಿ ಉದ್ದಕ್ಕೂ ಅಂಥ ಸೀಳು ಇದೆಯೇ ಎಂದು ನೋಡಿ, ಬಾಯಿಯಿಂದ ಮರದ ಕಡ್ಡಿ ಇಳಿಸಿ ಅಡ್ಡಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಇಂಥ ರೈಫಲಿನ ಗುರಿದೂರ ಕೇವಲ 15 ಮೀಟರ್ ಆಗಿರುವುದರಿಂದ ಅದರ ಸೈಟ್‌ಗಳ ಎತ್ತರದ ಲೆಕ್ಕವೇ ಬೇರೆ.

ಅಮೆರಿಕದ ಸಂಯುಕ್ತ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಪುರಾತನ ವರ್ಗಕ್ಕೆ ಸೇರುತ್ತದೆ. ನಾವು ಮಾತನಾಡುತ್ತಿರುವ ರೈಫಲ್‌ಗಳು ಈ ಗೆರೆಯ ಎರಡೂ ಕಡೆ ಬೀಳುವುದರಿಂದ ಕಾಲನಿರ್ಣಯಕ್ಕೆ ಅಲ್ಲಿ ಕಾನೂನಿನ ಬೆಲೆಯೂ ಇದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಹಳೆಯ ಮಾದರಿಯ ಆಯುಧಗಳಿಗೆ ಕೊಡುವ ವಿನಾಯಿತಿ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದಂಥವುಗಳಿಗೆ ಮಾತ್ರ ಅನ್ವಯಿಸುತ್ತದೆ. ಹಾಗಾಗಿ ಗುಂಡು ಹಾರಿಸಬಲ್ಲ ರೈಫಲ್ ಎಷ್ಟೇ ಹಳೆಯದಾಗಿದ್ದರೂ ಬೆಂಗಳೂರಿನ ಮನೆಯಲ್ಲಿ ಅದನ್ನು ಅಲಂಕಾರದ ವಸ್ತುವೆಂದು ಭಾವಿಸಬಾರದು. ಪರವಾನಗಿ ಬೇಕು, ದುರಸ್ತಿಯನ್ನೂ ಪರವಾನಗಿ ಪಡೆದವರ ಕೈಯಲ್ಲೇ ಮಾಡಿಸಬೇಕು.

ಹಂತ 2: ಬಿಚ್ಚದೆ ನೋಡುವುದು

ಜರ್ಮನ್ ಗುರಿಕಾರರ ಒಕ್ಕೂಟ 1861ರಲ್ಲಿ ಗೋಥಾದಲ್ಲಿ ಸ್ಥಾಪನೆಯಾಗಿ, ಮರುವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಅದರ ಮೊದಲ ದೊಡ್ಡ ಸ್ಪರ್ಧೆ ನಡೆಯಿತು. ಊರೂರಿನ ಗುರಿಕಾರ ಸಂಘಗಳ ಇಂಥ ಸ್ಪರ್ಧೆಗಳಿಗಾಗಿ, ನಿಂತು ಹೊಡೆಯುವುದಕ್ಕೆಂದೇ ರೂಪುಗೊಂಡ ರೈಫಲ್ ಇದು. ದಪ್ಪನೆಯ, ಬಹುಮಟ್ಟಿಗೆ ಅಷ್ಟಕೋನದ ನಳಿಗೆ, ಒಂದೇ ತೋಟಾ ಹಿಡಿಯುವ ಬ್ರೀಚ್, ಕೆನ್ನೆಗೆ ಆನಿಸುವ ಆಳವಾದ ಕೆತ್ತನೆಯ ಮರ, ತೋಳನ್ನು ಅಪ್ಪುವ ಕೊಕ್ಕೆಯಾಕಾರದ ಲೋಹದ ಬಟ್‌ಪ್ಲೇಟ್, ಬೆರಳಿಗೆ ಆಸರೆಯಾಗುವ ಮುಳ್ಳುಗಳಿರುವ ಟ್ರಿಗರ್ ಗಾರ್ಡ್ ಇವು ಅದರ ಲಕ್ಷಣಗಳು. ಟ್ರಿಗರ್ ಎರಡಿದ್ದು ಒಂದನ್ನು ಎಳೆದರೆ ಇನ್ನೊಂದು ಕೂದಲೆಳೆಯಷ್ಟು ಹಗುರಾಗುವ ಏರ್ಪಾಡನ್ನು ಜರ್ಮನರು ಸ್ಟೆಷರ್ ಎನ್ನುತ್ತಾರೆ. ಅದನ್ನು ಖಾಲಿ ಬಡಿಸಿ ಪರೀಕ್ಷಿಸುವುದು ಬೇಡ. ಒಳಗಿನ ಪುಟ್ಟ ಸನ್ನೆಗಳೂ ಸ್ಪ್ರಿಂಗುಗಳೂ ಹಳೆಯವು, ಮುರಿದರೆ ಕೈಯಿಂದಲೇ ಮಾಡಿಸಬೇಕಾಗುತ್ತದೆ.

ಇದೇ ಆಕಾರದ ರೈಫಲ್‌ಗಳು ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾದಲ್ಲೂ, ಜರ್ಮನ್ ವಲಸಿಗರ ಅಭಿರುಚಿಯನ್ನು ಅನುಸರಿಸಿ ಅಮೆರಿಕದಲ್ಲೂ ತಯಾರಾದವು. ವಿಂಚೆಸ್ಟರ್, ಸ್ಟೀವನ್ಸ್, ಬ್ಯಾಲಾರ್ಡ್ ಹೆಸರುಗಳು ಕಂಡರೆ ಅದು ಅಮೆರಿಕದ್ದು. ಇದಕ್ಕೆ ವಿರುದ್ಧವಾಗಿ, ಜರ್ಮನ್ ಸೇನೆಯ ಮೌಸರ್ ರೈಫಲಿನಂತೆ ಬೋಲ್ಟ್ ಇದ್ದು ಒಂದೇ ತೋಟಾ ಹಿಡಿಯುವ ರೈಫಲ್ ನಿಮ್ಮದಾಗಿದ್ದರೆ ಅದನ್ನು ಸೇನೆಯದೆಂದು ತಪ್ಪು ತಿಳಿಯುವ ಅಪಾಯವಿದೆ. ಅದು ವೇರ್‌ಮಾನ್ ರೈಫಲ್ ಎಂಬ ಸ್ಪರ್ಧಾ ಮಾದರಿ ಆಗಿರಬಹುದು. ಅದರ ಸೈಟ್‌ಗಳು ಸೇನಾ ಮಾದರಿಯವಾದ್ದರಿಂದ ಕೆಳಗೆ ಹೇಳುವ ಡಯಾಪ್ಟರ್ ಹುಡುಕಾಟ ಅದಕ್ಕೆ ಬೇಕಾಗುವುದಿಲ್ಲ.

ಹಂತ 3: ಬ್ರೀಚ್ ಯಾವ ಪದ್ಧತಿಯದು

ಕೆಳಗಿನ ಸನ್ನೆಯನ್ನು ಮೆಲ್ಲಗೆ ಇಳಿಸುತ್ತ, ಬ್ರೀಚಿನ ಉಕ್ಕಿನ ತುಂಡು ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂದು ನೋಡಿ. ತಿರುಗುವ ಕೀಲು ಹಿಂದಿದ್ದು ತುಂಡಿನ ಮುಂತುದಿ ಕೆಳಗೆ ಬಾಗಿದರೆ ಅದು ಮಾರ್ಟಿನಿ ಬಗೆಯದು. ಕೀಲು ಮುಂದಕ್ಕೆ, ನಳಿಗೆಯ ಬುಡದ ಕೆಳಗಿದ್ದು, ಇಡೀ ತುಂಡು ಕಮಾನಿನ ದಾರಿಯಲ್ಲಿ ಕೆಳಗಿಳಿದರೆ ಅದು ಐಡ್ಟ್ ಪದ್ಧತಿ. ಕಾರ್ಲ್ ವಿಲ್ಹೆಲ್ಮ್ ಐಡ್ಟ್ ರೂಪಿಸಿದ, 1880ರ ದಶಕದಲ್ಲಿ ಪೇಟೆಂಟ್ ಪಡೆದ ಈ ಬ್ರೀಚನ್ನು ಸೂಲ್ ಪಟ್ಟಣದ ಸಿ.ಜಿ. ಹೇನಲ್ ಕಾರ್ಖಾನೆ ತಯಾರಿಸುತ್ತಿತ್ತು. ಜರ್ಮನ್ ಸ್ಪರ್ಧಾ ರೈಫಲ್‌ಗಳಲ್ಲಿ ಅತಿ ಹೆಚ್ಚು ಎದುರಾಗುವ ಬ್ರೀಚ್‌ಗಳಲ್ಲಿ ಇದೂ ಒಂದು. ತ್ಸೆಲ್ಲಾ-ಮೇಲಿಸ್ ಪಟ್ಟಣದ ಬ್ಯೂಖೆಲ್ ಸಂಸ್ಥೆಯ ಟೆಲ್, ಊಡೋ ಆನ್‌ಶ್ಯುಟ್ಸ್ ಸಂಸ್ಥೆಯ ರೆಕಾರ್ಡ್ ಎಂಬ ಹೆಸರುಗಳೂ ಕಾಣಸಿಗುತ್ತವೆ.

ಬ್ರೀಚ್ ತಯಾರಕ, ನಳಿಗೆ ತಯಾರಕ ಮತ್ತು ನಳಿಗೆಯ ಮೇಲೆ ಚಿನ್ನದಲ್ಲೋ ಬೆಳ್ಳಿಯಲ್ಲೋ ಹೆಸರು ಕೂರಿಸಿಕೊಂಡವರು ಬೇರೆಬೇರೆ ಆಗಿರುವುದು ಇಲ್ಲಿ ಸಾಮಾನ್ಯ ಸಂಗತಿ. ಮ್ಯೂನಿಕ್‌ನಲ್ಲೋ ನ್ಯೂರೆಂಬರ್ಗ್‌ನಲ್ಲೋ ಅಂಗಡಿ ಇಟ್ಟಿದ್ದ ಬಂದೂಕುಗಾರ ಸೂಲ್‌ನಿಂದ ಭಾಗಗಳನ್ನು ತರಿಸಿ, ಜೋಡಿಸಿ, ತನ್ನ ಹೆಸರು ಹಾಕಿ ಮಾರುತ್ತಿದ್ದನು. ಕ್ರುಪ್ ಅಥವಾ ಬ್ಯೋಲರ್ ಎಂಬ ಬರಹವಂತೂ ಉಕ್ಕು ಎಲ್ಲಿಂದ ಬಂತೆಂದು ಹೇಳುತ್ತದೆಯೇ ಹೊರತು ರೈಫಲ್ ಮಾಡಿದವರನ್ನಲ್ಲ, ಆದರೂ "ಕ್ರುಪ್ ರೈಫಲ್" ಎಂದು ಮಾರಾಟಕ್ಕಿಡುವವರು ಇಂದಿಗೂ ಇದ್ದಾರೆ. ಸೈಟ್ ಹುಡುಕುವವರಿಗೆ ಈ ಮೂರರಲ್ಲಿ ಹೆಚ್ಚು ಬೇಕಾದದ್ದು ಬ್ರೀಚಿನ ಪದ್ಧತಿ, ಏಕೆಂದರೆ ಡಯಾಪ್ಟರ್ ಕೂರುವುದು ಬ್ರೀಚಿನಿಂದ ಹಿಂದಕ್ಕೆ ಚಾಚಿರುವ ಉಕ್ಕಿನ ಪಟ್ಟಿಯ, ಅಂದರೆ ಟ್ಯಾಂಗಿನ ಮೇಲೆ.

ಹಂತ 4: ಪರೀಕ್ಷಾ ಮುದ್ರೆಗಳಿಂದ ಕಾಲ

ಮುಂದಿನ ಹಿಡಿಮರವನ್ನು ಕಳಚಿದರೆ ನಳಿಗೆಯ ಅಡಿಯಲ್ಲಿ ಪುಟ್ಟ ಮುದ್ರೆಗಳ ಗುಂಪು ಕಾಣುತ್ತದೆ. ಹಿಡಿಮರವನ್ನು ಹಿಡಿದಿರುವ ಬೆಣೆ ಅಥವಾ ತಿರುಪಿಗೆ ಸರಿಹೊಂದುವ, ಸಮಾನಾಂತರ ಅಂಚಿನ ಸ್ಕ್ರೂಡ್ರೈವರನ್ನೇ ಬಳಸಬೇಕು. ಇಳಿಜಾರು ಅಂಚಿನ ಸಾಮಾನ್ಯ ಸ್ಕ್ರೂಡ್ರೈವರ್ ತಿರುಪಿನ ಸೀಳನ್ನು ಹರಿದು ಹಾಕುತ್ತದೆ. ಬಿಗಿಯಾಗಿದ್ದರೆ ತೂರುಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಜರ್ಮನಿಯಲ್ಲಿ ಬಂದೂಕುಗಳ ಕಡ್ಡಾಯ ಪರೀಕ್ಷೆಯ ಕಾನೂನು 1891ರ ಮೇ 19ರಂದು ಅಂಗೀಕಾರವಾಗಿ 1893ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಬಳಿಕದ ಸ್ಪರ್ಧಾ ರೈಫಲಿನಲ್ಲಿ ಕಿರೀಟದ ಕೆಳಗೆ ಬಿ, ಯು, ಜಿ ಎಂಬ ರೋಮನ್ ಅಕ್ಷರಗಳು ಬೇರೆಬೇರೆ ಮುದ್ರೆಗಳಾಗಿ ಇರುತ್ತವೆ. ಬಿ ಎಂದರೆ ಹೆಚ್ಚು ಒತ್ತಡದ ತೋಟಾದಿಂದ ಹಾರಿಸಿ ಪರೀಕ್ಷಿಸಲಾಗಿದೆ, ಯು ಎಂದರೆ ಅನಂತರ ಕಣ್ಣಿಟ್ಟು ತಪಾಸಿಸಲಾಗಿದೆ, ಜಿ ಎಂದರೆ ನಳಿಗೆಯೊಳಗೆ ಸುರುಳಿಗಾಡಿಗಳಿವೆ. ಕಿರೀಟದ ಕೆಳಗೆ ವಿ ಇದ್ದರೆ ಕಾನೂನು ಜಾರಿಯಾದಾಗ ಆ ಬಂದೂಕು ಆಗಲೇ ದಾಸ್ತಾನಿನಲ್ಲಿತ್ತು ಎಂದರ್ಥ. ಹೊಗೆರಹಿತ ಮದ್ದಿನ ಪರೀಕ್ಷೆಯನ್ನು ಸೂಚಿಸುವ ಎನ್ ಮುದ್ರೆ ಮೊದಲ ಮಹಾಯುದ್ಧಕ್ಕೆ ಕೆಲವೇ ವರ್ಷ ಮೊದಲು ಬಂತು. 1940ರ ಏಪ್ರಿಲ್‌ನಿಂದ ಕಿರೀಟದ ಜಾಗದಲ್ಲಿ ಹದ್ದು ಕೂತಿತು. ಯಾವ ಮುದ್ರೆಯೂ ಇಲ್ಲದ ರೈಫಲ್ 1893ಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು, ಆದರೆ ಮುದ್ರೆಗಳು ಸವೆದೋ ಮರುಪಾಲಿಶಿನಲ್ಲೋ ಅಳಿಸಿಹೋಗಿರಬಹುದೆಂಬುದನ್ನು ಮರೆಯಬಾರದು.

ಊರಿನ ಹೆಸರೂ ಕಾಲ ಹೇಳುತ್ತದೆ. ತ್ಸೆಲ್ಲಾ ಸಾಂಕ್ಟ್ ಬ್ಲಾಸಿ ಮತ್ತು ಮೇಲಿಸ್ ಎಂಬ ಎರಡು ಪಕ್ಕದ ಊರುಗಳು 1919ರಲ್ಲಿ ಒಂದಾಗಿ ತ್ಸೆಲ್ಲಾ-ಮೇಲಿಸ್ ಆದವು. ಆದ್ದರಿಂದ ಜೋಡಿ ಹೆಸರು ಮೂಲದಲ್ಲೇ ಕೊರೆದಿದ್ದ ರೈಫಲನ್ನು ಹತ್ತೊಂಬತ್ತನೆಯ ಶತಮಾನದ್ದೆಂದು ಮಾರುವವರ ಮಾತನ್ನು ನಂಬಬೇಕಿಲ್ಲ.

ಹಂತ 5: ತೋಟಾ ಯಾವುದು

ಹಳೆಯ ಮುದ್ರೆಗಳ ನಡುವೆ 172,28 ಎಂಬಂಥ ವಿಚಿತ್ರ ಸಂಖ್ಯೆ ಕಂಡರೆ ಅದು ಕ್ರಮಸಂಖ್ಯೆಯಲ್ಲ. ಒಂದು ಪೌಂಡು ಸೀಸದಿಂದ ನಳಿಗೆಯ ರಂಧ್ರಕ್ಕೆ ಸರಿಹೊಂದುವ ಎಷ್ಟು ಗುಂಡುಗಳಾಗುತ್ತವೆ ಎಂಬ ಹಳೆಯ ಅಳತೆ ಅದು. 172,28 ಎಂದರೆ ಸುಮಾರು 7.62 ಮಿ.ಮೀ., 118,35 ಎಂದರೆ ಸುಮಾರು 8.64 ಮಿ.ಮೀ. ಇದು ಗಾಡಿಗಳ ತಳದ ಅಳತೆಯಲ್ಲ, ಗಾಡಿಗಳ ನಡುವಿನ ಏಣುಗಳ ಮೇಲಿನ ಅಳತೆ. ನಿಜವಾದ ಗುಂಡು ಇದಕ್ಕಿಂತ ದಪ್ಪ.

1890ರ ದಶಕದಿಂದ ಈ ಕ್ರೀಡೆಯನ್ನು ಆಳಿದ ತೋಟಾ 8.15×46ಆರ್. ಅಂಚುಳ್ಳ ಈ ಕಡಿಮೆ ಒತ್ತಡದ ತೋಟಾ ಸೀಸದ ಗುಂಡಿಗೆಂದೇ ಆದದ್ದು. ಆದರೆ ಹೆಸರು ಒಂದೇ ಆದರೂ ನಳಿಗೆಯ ಒಳ ಅಳತೆ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬದಲಾಗುವುದರಿಂದ ಅಳೆಯದೆ ಮುಂದುವರಿಯಬಾರದು. ಎಣ್ಣೆ ಹಚ್ಚಿದ ನಳಿಗೆಯ ಮೂಲಕ ಮೆದು ಸೀಸದ ಗುಂಡನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಗಾಡಿಯ ವ್ಯಾಸ ಸಿಗುತ್ತದೆ. ಚೇಂಬರಿನ, ಅಂದರೆ ತೋಟಾ ಕೂರುವ ಕುಳಿಯ, ಅಚ್ಚು ತೆಗೆಯಲು ಸೆರೋಸೇಫ್ ಎಂಬ ಮಿಶ್ರಲೋಹವಿದೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ, ತಣಿದಾಗ ಮೊದಲು ಕುಗ್ಗಿ, ಸುಮಾರು ಒಂದು ಗಂಟೆಯಲ್ಲಿ ಹಿಗ್ಗಿ ಚೇಂಬರಿನ ಅಳತೆಗೇ ಬರುತ್ತದೆ. ಅಚ್ಚನ್ನು ಅಳೆಯುವ ಹೊತ್ತು ಅದೇ. ಗುಂಡಿನ ವೇಗ ಗೊತ್ತಿಲ್ಲದೆ ಸೈಟಿನ ಎತ್ತರ ಲೆಕ್ಕ ಹಾಕಲಾಗದು, ತೋಟಾ ಗೊತ್ತಿಲ್ಲದೆ ವೇಗ ತಿಳಿಯದು. ಸೈಟಿನ ಕೆಲಸಕ್ಕೂ ಈ ಹಂತ ಬೇಕಾಗಿರುವುದು ಅದಕ್ಕಾಗಿ.

ಹಂತ 6: ಖಾಲಿ ಜಾಗಗಳನ್ನು ಓದುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಟ್ಯಾಂಗನ್ನು ಮೆದು ಬಟ್ಟೆ ಮತ್ತು ಎಣ್ಣೆಯಿಂದ ಶುಚಿಗೊಳಿಸಿ, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ತಂತಿಬ್ರಷ್ ಮತ್ತು ಮರಳುಕಾಗದಗಳು ಓದಬೇಕಾದುದನ್ನೇ ಅಳಿಸಿಬಿಡುತ್ತವೆ. ಸೈಟಿನ ಪೀಠ ಮುಚ್ಚಿಕೊಂಡಿದ್ದ ಭಾಗದಲ್ಲಿ ಉಕ್ಕಿನ ಬಣ್ಣ ಸುತ್ತಲಿಗಿಂತ ಗಾಢವಾಗಿ ಉಳಿದಿರುತ್ತದೆ. ಆ ನೆರಳಿನ ಅಂಚೇ ಕಳೆದುಹೋದ ಪೀಠದ ಆಕಾರ. ಟ್ಯಾಂಗಿನ ಹಿಂದಿನ ಮರದಲ್ಲಿ ಸಣ್ಣ ತಗ್ಗು ಇದ್ದರೆ ಸೈಟಿನ ಕಂಬ ಹಿಂದಕ್ಕೆ ಮಡಚಿ ಅಲ್ಲಿ ಮಲಗುತ್ತಿತ್ತೆಂದು ತಿಳಿಯಬಹುದು.

ಮೇಲ್ಮೈಯಲ್ಲಿ ಎರಡು ಅಥವಾ ಮೂರು ತಿರುಪಿನ ರಂಧ್ರಗಳಷ್ಟೇ ಇದ್ದರೆ ಪ್ರತ್ಯೇಕ ಪೀಠವೊಂದು ಮೇಲೆ ಕೂತಿತ್ತು. ನುಣ್ಣನೆಯ ಒಳಮೈಯ ಒಂದು ದೊಡ್ಡ ಲಂಬರಂಧ್ರವೂ ಅದನ್ನು ಪಕ್ಕದಿಂದಲೋ ಹಿಂದಿನಿಂದಲೋ ತಾಕುವ ತಿರುಪೂ ಇದ್ದರೆ, ಡಯಾಪ್ಟರಿನ ಕಂಬ ನೇರವಾಗಿ ಆ ರಂಧ್ರಕ್ಕಿಳಿದು ಬಿಗಿಯಾಗುತ್ತಿತ್ತು. ಈ ಎರಡನೆಯ ಬಗೆಗೆ ಹೊಸ ಕಂಬ ಮಾಡಿಸುವುದು ಸುಲಭ. ಒಂದು ಎಚ್ಚರಿಕೆ: ಟ್ಯಾಂಗಿನ ಎಲ್ಲ ರಂಧ್ರಗಳೂ ಸೈಟಿನವಲ್ಲ. ಮರವನ್ನು ಬ್ರೀಚಿಗೆ ಕಟ್ಟುವ ಉದ್ದ ತಿರುಪೂ ಅಲ್ಲಿಂದಲೇ ಕೆಳಗಿಳಿದು ಟ್ರಿಗರ್ ಪಟ್ಟಿಯನ್ನು ಹಿಡಿಯಬಹುದು. ಕೆಳಗೆ ಟ್ರಿಗರಿನ ಯಂತ್ರವಿದ್ದರೆ, ಸೈಟಿಗೆ ಹಾಕುವ ತಿರುಪು ಅರ್ಧ ಮಿಲಿಮೀಟರ್ ಉದ್ದವಾದರೂ ಅದನ್ನು ಒತ್ತಿ ಅಪಾಯ ತಂದೀತು. ಆದ್ದರಿಂದ ಪ್ರತಿ ರಂಧ್ರದ ಆಳವನ್ನೂ ಅಳೆದು ಬರೆದಿಡಬೇಕು.

ತಿರುಪಿನ ಸುತ್ತಿನ ಅಳತೆಗೆ ಇಂದಿನ ಕೋಷ್ಟಕವನ್ನು ಕುರುಡಾಗಿ ನಂಬಬೇಡಿ. ಇಂದಿನ ಮೆಟ್ರಿಕ್ ತಿರುಪುಗಳಲ್ಲಿ 3 ಮಿ.ಮೀ.ಗೆ 0.5, 3.5ಕ್ಕೆ 0.6, 4ಕ್ಕೆ 0.7 ಮಿ.ಮೀ. ಅಂತರ ಇರುತ್ತದೆ, ಹಳೆಯ ಕಾರ್ಯಾಗಾರಗಳು ತಮ್ಮದೇ ಅಂತರವನ್ನು ಬಳಸಿರಬಹುದು. ಮೆದು ಮರದ ಕಡ್ಡಿಯನ್ನು ರಂಧ್ರದ ಅಳತೆಗೆ ಕೆತ್ತಿ ಮೆಲ್ಲಗೆ ತಿರುಗಿಸಿ ತೆಗೆದರೆ ಅದರ ಮೇಲೆ ಸುತ್ತುಗಳ ಅಚ್ಚು ಬೀಳುತ್ತದೆ, ಅದಕ್ಕೆ ಥ್ರೆಡ್ ಗೇಜ್ ಹಿಡಿದು ನೋಡಬಹುದು. ಉಕ್ಕಿನ ಹೊಸ ತಿರುಪನ್ನು ಬಲವಂತವಾಗಿ ತಿರುಗಿಸಿ ನೋಡುವುದು ಮಾತ್ರ ಬೇಡ. ರಂಧ್ರಗಳ ಅಂತರ ತಿಳಿಯಲು ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಕಲು ತೆಗೆದು, ಅದರ ಮೇಲೆ ವರ್ನಿಯರ್ ಅಳತೆಗಳನ್ನು ಬರೆದುಕೊಳ್ಳಬೇಕು.

ನಳಿಗೆಯ ಮೇಲೆ ಬ್ರೀಚಿನ ಮುಂದೆ ಅಡ್ಡಲಾಗಿ ಒಂದು ಡವ್‌ಟೇಲ್ ಗಾಡಿ (ತಳ ಅಗಲ, ಬಾಯಿ ಕಿರಿದಾದ ತೋಡು) ಇದ್ದು ಅದರಲ್ಲಿ ಬರಿಯ ಉಕ್ಕಿನ ತುಂಡು ಇದ್ದರೆ ಅದನ್ನು ಕೊರತೆ ಎಂದೆಣಿಸಬಾರದು. ಡಯಾಪ್ಟರ್ ಬಳಸುವವನು ತೆರೆದ ಸೈಟನ್ನು ತೆಗೆದು ಅದನ್ನು ಹಾಕಿಸಿಕೊಂಡಿರಬಹುದು. ಮುಂಭಾಗದಲ್ಲಿ ಪೂರ್ತಿ ಸೈಟ್ ಹೋಗಿದೆಯೋ, ಅಥವಾ ಕೊಳವೆಯಾಕಾರದ ಮನೆ ಉಳಿದು ಒಳಗಿನ ಉಂಗುರ ಇಲ್ಲವೇ ಕಡ್ಡಿ ಮಾತ್ರ ಹೋಗಿದೆಯೋ ಎಂದು ನೋಡಿ. ಎರಡನೆಯದಾದರೆ ಕೆಲಸ ಅರ್ಧ ದಿನದ್ದು.

ಹಂತ 7: ಹುಡುಕುವುದೋ, ಮಾಡಿಸುವುದೋ

ಅಳತೆಗಳು ಕೈಯಲ್ಲಿದ್ದರೆ ಜರ್ಮನಿಯ ಇ-ಗನ್ ಹರಾಜು ತಾಣದಲ್ಲಿ ಬಿಡಿ ಡಯಾಪ್ಟರ್‌ಗಳನ್ನು ಹುಡುಕಬಹುದು. ಅಮೆರಿಕನ್ ಸಿಂಗಲ್ ಶಾಟ್ ರೈಫಲ್ ಅಸೋಸಿಯೇಶನ್ನಿನ ಸದಸ್ಯರಲ್ಲಿ ಈ ವಿಷಯ ಬಲ್ಲವರಿದ್ದಾರೆ. ಮಾರುವವರನ್ನು ಮಾದರಿಯ ಹೆಸರು ಕೇಳುವ ಬದಲು ರಂಧ್ರಗಳ ಅಂತರ, ಕಂಬದ ವ್ಯಾಸ ಮತ್ತು ಪೀಠದ ಅಡಿಯ ಬಾಗನ್ನು ಕೇಳಿ. ಅಮೆರಿಕದ ಟ್ಯಾಂಗ್ ಸೈಟ್‌ಗಳು ಸುಲಭವಾಗಿ ಸಿಗುತ್ತವೆ, ಆದರೆ ಅವುಗಳ ರಂಧ್ರಗಳು ಜರ್ಮನ್ ಟ್ಯಾಂಗಿಗೆ ಹೊಂದುವುದನ್ನು ನಿರೀಕ್ಷಿಸಬಾರದು. ಅವನ್ನು ಕೂರಿಸಲು ಟ್ಯಾಂಗಿನಲ್ಲಿ ಹೊಸ ರಂಧ್ರ ಕೊರೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಕೊರೆದ ರಂಧ್ರ ಮರಳಿ ಮುಚ್ಚುವಂಥದ್ದಲ್ಲ, ರೈಫಲಿನ ಬೆಲೆಯೂ ಅಲ್ಲಿಗೆ ಇಳಿಯುತ್ತದೆ.

ಸರಿಯಾದ ದಾರಿಯೆಂದರೆ ನಡುವೆ ಒಂದು ಉಕ್ಕಿನ ಪಟ್ಟಿ. ಅದರ ಅಡಿಭಾಗವನ್ನು ಟ್ಯಾಂಗಿನ ಬಾಗಿಗೆ ಸರಿಯಾಗಿ ಅರದಿಂದ ಉಜ್ಜಿ, ಹಳೆಯ ರಂಧ್ರಗಳಿಗೆ ಹೊಂದುವ ತಿರುಪುಗಳಿಂದ ಬಿಗಿದು, ಮೇಲೆ ಬೇಕಾದ ಸೈಟನ್ನು ಕೂರಿಸಬಹುದು. ಟ್ಯಾಂಗಿನ ಮೇಲೆ ತೆಳುವಾಗಿ ಮಸಿ ಹಚ್ಚಿ ಪಟ್ಟಿಯನ್ನಿಟ್ಟು ತೆಗೆದರೆ ಎಲ್ಲಿ ತಾಕುತ್ತದೆಯೋ ಅಲ್ಲಿ ಗುರುತು ಬೀಳುತ್ತದೆ. ಗುರುತು ಬಿದ್ದಲ್ಲಿ ಮಾತ್ರ ಉಜ್ಜುತ್ತ ಹೋದರೆ ಕೊನೆಗೆ ಇಡೀ ಮೈ ಕೂರುತ್ತದೆ. ಪಟ್ಟಿಯ ಮೇಲೆ 11 ಮಿ.ಮೀ. ಡವ್‌ಟೇಲ್ ಹಳಿ ಕೊರೆಸಿದರೆ ಇಂದಿನ ಸ್ಪರ್ಧಾ ಡಯಾಪ್ಟರ್‌ಗಳೂ ಅದರ ಮೇಲೆ ಕೂರುತ್ತವೆ. ನೋಟಕ್ಕೆ ಅದು ಆ ಕಾಲದ್ದಲ್ಲ, ಆದರೆ ತೆಗೆದಿಟ್ಟರೆ ರೈಫಲ್ ಮೊದಲಿನಂತೆಯೇ ಇರುತ್ತದೆ, ಮೂಲ ಸೈಟ್ ಸಿಗುವವರೆಗೆ ಗುರಿ ಹಿಡಿಯಲೂ ಬರುತ್ತದೆ.

ಹಂತ 8: ಎತ್ತರದ ಲೆಕ್ಕ

ಸೈಟ್ ಕೊಳ್ಳುವ ಮೊದಲೇ ಈ ಲೆಕ್ಕ ಮಾಡಬೇಕು. ಎಲ್ಲ ಎತ್ತರಗಳನ್ನೂ ನಳಿಗೆಯ ರಂಧ್ರದ ನಡುಗೆರೆಯಿಂದ ಅಳೆಯಿರಿ. ನಳಿಗೆ ಮುಂದಕ್ಕೆ ಸಣ್ಣದಾಗುತ್ತ ಹೋಗುವುದರಿಂದ ಅದರ ಮೇಲ್ಮೈಯಿಂದ ಅಳೆದರೆ ತಪ್ಪಾಗುತ್ತದೆ. ಮುಂದಿನ ಸೈಟಿನ ನಡುಬಿಂದು ನಡುಗೆರೆಯಿಂದ 20 ಮಿ.ಮೀ. ಮೇಲಿದೆ, ಎರಡು ಸೈಟ್‌ಗಳ ನಡುವಿನ ದೂರ 900 ಮಿ.ಮೀ., ಗುರಿದೂರ 100 ಮೀಟರ್, ಆ ದೂರದಲ್ಲಿ ನಿಮ್ಮ ಗುಂಡು ನಡುಗೆರೆಯಿಂದ 200 ಮಿ.ಮೀ. ಕೆಳಗಿಳಿಯುತ್ತದೆ ಎಂದುಕೊಳ್ಳೋಣ. ಇಳಿತ 200ಕ್ಕೆ ಮುಂಸೈಟಿನ ಎತ್ತರ 20 ಕೂಡಿಸಿ, ಬಂದ 220ನ್ನು 900ರಿಂದ ಗುಣಿಸಿ 1,00,000 ಮಿ.ಮೀ.ಯಿಂದ ಭಾಗಿಸಿದರೆ 1.98 ಬರುತ್ತದೆ. ಹಿಂದಿನ ರಂಧ್ರ ಮುಂದಿನದಕ್ಕಿಂತ ಸುಮಾರು 2 ಮಿ.ಮೀ. ಎತ್ತರದಲ್ಲಿ, ಅಂದರೆ ನಡುಗೆರೆಯಿಂದ 22 ಮಿ.ಮೀ. ಮೇಲೆ ಇರಬೇಕು. ಕೊಳ್ಳುವ ಡಯಾಪ್ಟರಿನ ಏರಿಳಿತದ ವ್ಯಾಪ್ತಿಯ ನಡುಭಾಗದಲ್ಲಿ ಈ ಎತ್ತರ ಬಿದ್ದರೆ ಮಾತ್ರ ಅದು ನಿಮಗೆ ತಕ್ಕದ್ದು.

ಹಂತ 9: ಮುಂದಿನ ಸೈಟ್

ಡವ್‌ಟೇಲ್ ಗಾಡಿಯ ಎರಡೂ ಬದಿಯ ಅಗಲವನ್ನು ಅಳೆದು, ಹೆಚ್ಚು ಅಗಲವಿರುವ ಕಡೆಯಿಂದ ಹೊಸ ತುಂಡನ್ನು ಸೇರಿಸಬೇಕು. ಉಜ್ಜುವುದು ಯಾವಾಗಲೂ ತುಂಡನ್ನೇ, ಗಾಡಿಯನ್ನಲ್ಲ. ಬೆರಳಿನಿಂದ ಮೂರನೆಯ ಒಂದು ಭಾಗ ಹೋದ ಮೇಲೆ ಉಳಿದದ್ದನ್ನು ಹಿತ್ತಾಳೆಯ ಕಡ್ಡಿಯಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು, ಆಗ ನಳಿಗೆಗೆ ಮರದ ಆಸರೆ ಇರಬೇಕು.

ಉಂಗುರದ ಅಳತೆ ಗುರಿಯ ಕಪ್ಪು ವೃತ್ತವನ್ನು ಅನುಸರಿಸುತ್ತದೆ. 100 ಮೀಟರ್ ದೂರದ 200 ಮಿ.ಮೀ. ಕಪ್ಪು ವೃತ್ತ, ಕಣ್ಣಿನಿಂದ ಒಂದು ಮೀಟರ್ ಮುಂದಿರುವ ಸೈಟಿನಲ್ಲಿ 2 ಮಿ.ಮೀ. ಅಗಲವಾಗಿ ಕಾಣುತ್ತದೆ. ಸುತ್ತಲೂ ಬಿಳಿಯ ಗೆರೆ ಸ್ಪಷ್ಟವಾಗಿ ಉಳಿಯಬೇಕಾದ್ದರಿಂದ ಉಂಗುರದ ಒಳವ್ಯಾಸ 3 ಮಿ.ಮೀ. ಆಸುಪಾಸಿನಲ್ಲಿರಲಿ. ಹೆಚ್ಚಿನವರು ಬಿಗಿಯಾದ ಉಂಗುರ ಆರಿಸಿ, ನಿಂತು ಹೊಡೆಯುವಾಗಿನ ಅಲುಗಾಟದಲ್ಲಿ ಕಪ್ಪು ಎಲ್ಲಿದೆಯೆಂದೇ ತಿಳಿಯದೆ ಒದ್ದಾಡುತ್ತಾರೆ.

ಹೊಸ ಭಾಗಗಳ ಬಣ್ಣಕ್ಕೆ ನಿಧಾನವಾಗಿ ತುಕ್ಕು ಹಿಡಿಸಿ ಕಪ್ಪಾಗಿಸುವ ಪದ್ಧತಿಯೇ ಒಳ್ಳೆಯದು. ನಳಿಗೆಯ ಮೇಲೆ ತವರದ ಬೆಸುಗೆಯಿಂದ ಕೂರಿಸಿದ ಭಾಗಗಳಿದ್ದರೆ ಬಣ್ಣ ಬರಿಸಲೆಂದು ಅದನ್ನು ಬಿಸಿ ಕ್ಷಾರದ ತೊಟ್ಟಿಗೆ ಎಂದೂ ಇಳಿಸಬಾರದು. ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ.

ಹಂತ 10: ಹಾರಿಸಿ ಸರಿಪಡಿಸುವುದು

ಬಂದೂಕು ತಜ್ಞರೊಬ್ಬರು ಬ್ರೀಚಿನ ಬಿಗಿತವನ್ನು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅಧಿಕೃತ ಶೂಟಿಂಗ್ ರೇಂಜಿನಲ್ಲಿ, ಮೊದಲು 25 ಮೀಟರ್ ದೂರದಿಂದ ಆರಂಭಿಸಿ. ಗುಂಡು ಬಿದ್ದ ಕಡೆಯಿಂದ ಎತ್ತ ಸರಿಯಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು, ಮುಂದಿನ ಸೈಟನ್ನಾದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ಎಷ್ಟು ಸರಿಸಬೇಕೆಂಬುದಕ್ಕೆ ತಪ್ಪಿದ ಅಂತರವನ್ನು ಸೈಟ್‌ಗಳ ನಡುವಿನ ದೂರದಿಂದ ಗುಣಿಸಿ ಗುರಿದೂರದಿಂದ ಭಾಗಿಸಬೇಕು: 900 ಮಿ.ಮೀ. ಅಂತರದ ಸೈಟ್‌ಗಳಿದ್ದು 100 ಮೀಟರಿನಲ್ಲಿ ಗುಂಡು 100 ಮಿ.ಮೀ. ಎಡಕ್ಕೆ ಬಿದ್ದರೆ ಹಿಂದಿನ ಸೈಟನ್ನು 0.9 ಮಿ.ಮೀ. ಬಲಕ್ಕೆ ಸರಿಸಬೇಕು. ದೊಡ್ಡ ಅಡ್ಡ ತಿದ್ದುಪಡಿಯನ್ನು ಡವ್‌ಟೇಲಿನಲ್ಲಿ ಮುಗಿಸಿ, ಡಯಾಪ್ಟರನ್ನು ಅದರ ನಡುಗುರುತಿನ ಹತ್ತಿರವೇ ಇಟ್ಟುಕೊಂಡರೆ ಗಾಳಿಗೆ ತಕ್ಕಂತೆ ಎರಡೂ ಕಡೆ ತಿರುಗಿಸಲು ಅವಕಾಶ ಉಳಿಯುತ್ತದೆ. ಗುರಿ ಕೂಡಿಬಂದ ಮೇಲೆ ಡವ್‌ಟೇಲಿನ ತುಂಡು ಮತ್ತು ನಳಿಗೆಯ ಮೇಲೆ ಒಂದಕ್ಕೊಂದು ಎದುರಾಗಿ ಈಗಾಗಲೇ ಇರುವ ಹಳೆಯ ಗೆರೆಗಳನ್ನು ನೋಡಿ. ನಳಿಗೆಯ ಗೆರೆ ಮೂಲದ್ದಾದರೆ ಹೊಸ ಗೆರೆಯನ್ನು ತುಂಡಿನ ಮೇಲೆ ಮಾತ್ರ ಎಳೆಯಬೇಕು.